ಜೋಡಿ ಬುರುಡೆಯ ಗೆಜ್ಜೆ

ಕಳೆದ ವರ್ಷ ಸುಗ್ಗಿಗೆ ಮೊದಲು ಮೇಲುಬೀದಿಯವರು ಕೆರೆಯ ತೂಬು ತೆಗೆದರು. ಹೊಳೆಬೀದಿಗೆ ಹೇಳಲಿಲ್ಲ. ಕೆಳಗಿನ ಆ ಬೀದಿಗೆ ನೀರು ನುಗ್ಗಿ ಹನ್ನೊಂದು ಮನೆ ಬಿದ್ದವು. ಇಪ್ಪತ್ತೆರಡು ಬಣ್ಣದ ಬಾನಿಗಳು ತೇಲಿ ಹೋದವು. ಒಂದು ಎಮ್ಮೆ ಸತ್ತಿತು.

ನಾನು ಸಂಕವ್ವ. ಏಳು ಬೀದಿಗಳು ಬಂದು ಸೇರುವ ಕವಲುಕಟ್ಟೆಯ ಮೇಲೆ ಕೂತು ಬುರುಡೆಗಳನ್ನು ವಿಂಗಡಿಸಿ ಕಳಿಸುವುದು ನನ್ನ ಕೆಲಸ. ನಮ್ಮ ಊರಿನಲ್ಲಿ ಒಂದು ಬೀದಿಯವರ ಮಾತು ಇನ್ನೊಂದು ಬೀದಿಯವರಿಗೆ ಕೇಳುವುದಿಲ್ಲ. ಎದುರಿಗೆ ನಿಂತು ಕಿರುಚಿದರೂ ತುಟಿ ಆಡುವುದು ಕಾಣುತ್ತದೆ, ಅಷ್ಟೇ. ಕೈಸನ್ನೆ ಮಾಡಿ ನೋಡಿದ್ದಾರೆ. ಗಾಣದ ಬೀದಿಯಲ್ಲಿ ‘ಬಾ’ ಎನ್ನುವ ಸನ್ನೆ ನೇಕಾರರ ಬೀದಿಯಲ್ಲಿ ಬಾಯಿಬಿಟ್ಟು ಹೇಳಲಾಗದ ಬೈಗುಳ. ಬರೆದು ಕಳಿಸಿದರೆ ಬೀದಿ ದಾಟುವಷ್ಟರಲ್ಲಿ ಅಕ್ಷರಗಳು ಇರುವೆಸಾಲಿನಂತೆ ಕಾಣತೊಡಗುತ್ತವೆ. ಬೇರೆ ಬೀದಿಗೆ ಮದುವೆಯಾಗಿ ಹೋದ ಹುಡುಗಿಗೆ ಒಂದು ವರ್ಷ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಆಮೇಲೆ ಆ ಬೀದಿಯ ನೀರು ಮೈಗೆ ಹತ್ತಿ ಎರಡೂ ಬರುತ್ತವೆ. ಆ ಒಂದು ವರ್ಷವೇ ಸುಖವಾಗಿತ್ತು ಎಂದು ಸೊಸೆಯರೂ ಹೇಳುತ್ತಾರೆ, ಅತ್ತೆಯರೂ ಹೇಳುತ್ತಾರೆ.

ಆದ್ದರಿಂದ ಮಾತು ಬುರುಡೆಯಲ್ಲಿ ಹೋಗುತ್ತದೆ. ಒಣಗಿದ ಸೋರೆಬುರುಡೆಗೆ ಬಾಯಿಟ್ಟು ಹೇಳಬೇಕಾದ್ದನ್ನು ಹೇಳಿ ಬಿರಡೆ ಹಾಕಿದರೆ ಮಾತು ಒಳಗೆ ಕೂರುತ್ತದೆ. ಮುಟ್ಟಬೇಕಾದ ಮನೆಯಲ್ಲಿ ಬಿರಡೆ ತೆಗೆದಾಗ ಒಂದೇ ಒಂದು ಸಲ, ಹೇಳಿದವರ ದನಿಯಲ್ಲೇ ಕೇಳುತ್ತದೆ. ಕುತ್ತಿಗೆಗೆ ಕಟ್ಟಿದ ದಾರದ ಬಣ್ಣ ನೋಡಿದರೆ ಯಾವ ಬೀದಿಗೆ, ಗಂಟು ನೋಡಿದರೆ ಯಾವ ಮನೆಗೆ ಎಂದು ನನಗೆ ಗೊತ್ತಾಗುತ್ತದೆ. ಸುದ್ದಿ ಮುಟ್ಟಿದರೆ ಸಾಕು ಎನ್ನುವವರು ಒಂಟಿ ಬುರುಡೆ ಕಳಿಸುತ್ತಾರೆ: ‘ನಿಮ್ಮ ಕತ್ತೆ ನಮ್ಮ ಹಿತ್ತಲಲ್ಲಿದೆ.’ ಉತ್ತರ ಬೇಕಾದವರು ಜೋಡಿ ಕಳಿಸುತ್ತಾರೆ: ‘ನಮ್ಮ ಕತ್ತೆ ನಿಮ್ಮ ಹಿತ್ತಲಲ್ಲಿದೆಯಾ?’ ತುಂಬಿದ ಬುರುಡೆಯ ಜೊತೆಗೆ ತಮ್ಮ ಮನೆಯ ಗುರುತು ಕೊರೆದ ಖಾಲಿ ಬುರುಡೆಯೊಂದನ್ನು ಕಟ್ಟಿರುತ್ತಾರೆ. ಆ ಖಾಲಿಯದು ಉತ್ತರ ತುಂಬಿಕೊಂಡು ಹೋದ ದಾರಿಯಲ್ಲೇ ತಿರುಗಿ ಬರಬೇಕು.

ಜೋಡಿ ಕೈಗೆ ಬಂದ ಮೇಲೆ ಉತ್ತರ ಕೊಡಲೇಬೇಕು. ಕೊಡುವ ತನಕ ಆ ಮನೆಯ ಯಾವ ಬುರುಡೆಯೂ ಕವಲುಕಟ್ಟೆ ಹತ್ತುವುದಿಲ್ಲ. ನೇಕಾರರ ಬೀದಿಯ ಸೊಸೆಯೊಬ್ಬಳಿಗೆ ತವರಿನಿಂದ ‘ಗಂಡ ಹೇಗೆ ನೋಡಿಕೊಳ್ಳುತ್ತಾನೆ?’ ಎಂದು ಜೋಡಿ ಬಂತು. ಗಂಡ ಪಕ್ಕದಲ್ಲೇ ಕೂತಿದ್ದ, ಏಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಗಾಣದ ಬೀದಿಗೆ ಎಣ್ಣೆ ಬೇಕೆಂದು ಹೇಳಿ ಕಳಿಸಲಾಗದೆ ಮನೆಮಂದಿಯೆಲ್ಲ ಮೂರು ದಿನ ಬೇಯಿಸಿದ್ದನ್ನೇ ತಿಂದರು. ನಾಲ್ಕನೆಯ ದಿನ ಗಂಡ ತಾನಾಗಿಯೇ ಎದ್ದು ಹೊರಗೆ ಹೋದ.

ಕವಲಿನಲ್ಲಿ ಹುಟ್ಟಿದ ನಮಗೆ ಏಳೂ ಬೀದಿಯ ಮಾತು ಕೇಳುತ್ತದೆ, ನಮ್ಮ ಮಾತೂ ಅವರಿಗೆ ಕೇಳುತ್ತದೆ. ಹಾಗಾದರೆ ನೀವೇ ಬಾಯಲ್ಲಿ ಹೇಳಿಬಿಡಬಾರದೇ ಎಂದು ಕೇಳಬೇಡಿ. ಒಂದು ಬೀದಿಯ ಸುದ್ದಿಯನ್ನು ಇನ್ನೊಂದು ಬೀದಿಗೆ ಬಾಯಲ್ಲಿ ಹೇಳಹೋದರೆ ನಮಗೆ ಬಿಕ್ಕಳಿಕೆ ಹಿಡಿಯುತ್ತದೆ. ಸಣ್ಣ ಬಿಕ್ಕಳಿಕೆಯಲ್ಲ, ಕೂತ ಮಣೆಯಿಂದ ಎತ್ತಿ ಹಾಕುವಂಥದ್ದು. ಬುರುಡೆ, ದಾರ, ಬುಟ್ಟಿ, ನಮ್ಮ ಸ್ವಂತ ಸಂಸಾರ, ಇವುಗಳ ಬಗ್ಗೆ ಯಾರ ಜೊತೆ ಬೇಕಾದರೂ ಎಷ್ಟು ಬೇಕಾದರೂ ಮಾತಾಡಬಹುದು.

ಕಟ್ಟೆಯ ಮೇಲೆ ನನ್ನ ಜೊತೆಗಿರುವವನು ಬೂದೆಪ್ಪ. ನನಗಿಂತ ಇಪ್ಪತ್ತು ವರ್ಷ ಹಿರಿಯ. ಕವಲಿನ ನಿಯಮಗಳೆಲ್ಲ ಅವನಿಗೆ ಬಾಯಿಪಾಠ. ಊಟದ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೆ. ಆಗ ಕಟ್ಟೆಗೆ ಬೆಂಕಿ ಬಿದ್ದರೂ ಕೈ ತೊಳೆದ ಮೇಲೆಯೇ ಏಳುವ ಜೀವ. ಬೀದಿಗೊಂದರಂತೆ ಬುರುಡೆ ಸುರಿಯುವ ಏಳು ಗೂಡುಗಳಿಗೂ ಯುಗಾದಿಗೆ ಸುಣ್ಣ ಬಳಿಯುವವನು, ಅವುಗಳ ಮೇಲೆ ಹಳೆಯ ಗುರುತುಗಳನ್ನು ಇದ್ದ ಹಾಗೆಯೇ ಹೊಸದಾಗಿ ಬರೆಯುವವನು ಅವನೇ.

ಆ ಮಂಗಳವಾರ ಬೆಳಿಗ್ಗೆ ಹೊನ್ನೂರವ್ವ ಹೊಳೆಬೀದಿಯ ಮೆಟ್ಟಿಲ ಮೇಲೆ ಬಂದು ನಿಂತಳು. ಮೊಣಕೈ ತನಕ ಕೆಸರು, ಕೆಸರಿನ ಕೆಳಗೆ ಎಷ್ಟು ತೊಳೆದರೂ ಹೋಗದ ನೀಲಿ. ಇಡೀ ಊರಿನ ಬಟ್ಟೆಗೆ ಬಣ್ಣ ಹಾಕುವ ಬೀದಿ ಅವರದು. ಇಡೀ ಊರು ಮೂಗು ಮುಚ್ಚಿಕೊಂಡು ದಾಟುವ ಬೀದಿಯೂ ಅದೇ. ಕಳೆದ ವರ್ಷ ಬಿದ್ದ ಹನ್ನೊಂದು ಮನೆಗಳಲ್ಲಿ ಅವಳದೂ ಒಂದು.

“ಏನಬೇ ಸಂಕವ್ವ, ನನ್ನ ಬುರುಡಿ ಏನ್ ಮಾಡ್ತೀಯ ನೀನು? ಅದರಾಗ ಪಲ್ಯ ಮಾಡ್ಕೊಂಡು ತಿಂತೀಯೇನು?”

“ನಿನ್ನ ಬುರುಡಿ ತಿಂದ್ರ ನಾಲಿಗಿ ನೀಲಿ ಆಕ್ಕೈತಿ. ನೋಡು, ಕೆಂಪೈತಿ,” ಎಂದು ನಾಲಿಗೆ ಚಾಚಿ ತೋರಿಸಿದೆ.

ಅವಳು ನಗಲಿಲ್ಲ. ಅವಳು ನಗದಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ನಿನ್ನೆ ಸೋಮವಾರ ಗೋಡೆ ಎಬ್ಬಿಸಿ ಮುಗಿಸಿದೆ ಎಂದಳು. ಬಿದ್ದ ಮನೆಯ ಮಣ್ಣನ್ನೇ ಮತ್ತೆ ತುಳಿದು, ಹುಲ್ಲು ಹಾಕಿ, ಗಂಡನಿಲ್ಲದವಳು ಒಬ್ಬಳೇ ಎಬ್ಬಿಸಿದ ಗೋಡೆ. ಒಣಗಲು ಆರು ದಿನ ಬೇಕು. ಭಾನುವಾರ ಕಳೆದರೆ ಮೊಣಕಾಲುದ್ದ ನೀರು ಬಂದರೂ ನಿಲ್ಲುತ್ತದೆ. ಅದಕ್ಕೆ ಮೊದಲು ಬಂದರೆ ಬೆಲ್ಲದಂತೆ ಕರಗುತ್ತದೆ. ಕೆರೆ ತುಂಬಿದೆ, ಮೇಲುಬೀದಿಯ ಗದ್ದೆ ಕೊಯ್ಲಿಗೆ ಬಂದಿದೆ, ಅದಕ್ಕೆ ನೀರು ನುಗ್ಗದಿರಲೆಂದು ತೂಬು ಇವತ್ತೋ ನಾಳೆಯೋ ತೆಗೆಯುತ್ತಾರೆ.

“ಯಾವತ್ತು ತೂಬು ತೆಗೀತೀರಿ ಅಂತ ನಾಕು ಸಲ ಜೋಡಿ ಕಳಿಸೀನಿ. ನಾಕೂ ಸಲ ಖಾಲಿ ಬುರುಡಿ ಖಾಲೀನ ತಿರುಗಿ ಬಂದೈತಿ. ಬಿರಡಿ ತೆಗೆದು ಕಿವಿ ಇಟ್ರ ಬರೇ ಗಾಳಿ. ನಮ್ಮವ್ವಗೂ ಹಿಂಗ, ನಮ್ಮವ್ವನ ಅವ್ವಗೂ ಹಿಂಗ. ಅವರ ಬಾಯಾಗ ಏನು ತುಂಬೈತಬೇ? ಒಂದು ಹ್ಞೂಂ, ಒಂದು ಉಹ್ಞೂಂ ಅನ್ನಾಕೂ ಆಗಂಗಿಲ್ಲೇನು?”

ಕವಲಿನಲ್ಲಿ ತಪ್ಪಿಲ್ಲ, ನಾವು ಬಂದದ್ದನ್ನೆಲ್ಲ ಮುಟ್ಟಿಸುತ್ತೇವೆ ಎಂದು ಬೂದೆಪ್ಪ ಹಿಂದಿನಿಂದ ಹೇಳಿದ. ನಾನೂ ಅದನ್ನೇ ಹೇಳಿದೆ. ಆದರೆ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ನಾನು ಮೇಲುಬೀದಿ ಹತ್ತಿದೆ.

ತೂಬಿನ ಯಜಮಾನ ಮರಿಸಿದ್ದಪ್ಪನ ಪಡಸಾಲೆ ನೋಡಿ ನನಗೆ ದಿಗಿಲಾಯಿತು. ಗೋಡೆಯುದ್ದಕ್ಕೂ ಹಲಗೆ ಹೊಡೆಸಿ ಹೊಳೆಬೀದಿಯಿಂದ ಬಂದ ಬುರುಡೆಗಳನ್ನು ಸಾಲಾಗಿ ಜೋಡಿಸಿದ್ದ. ನೂರು ಇದ್ದವೋ ಇನ್ನೂರೋ. ಅವನೇನೂ ರಾಕ್ಷಸನಂತೆ ಇರಲಿಲ್ಲ. ಮಜ್ಜಿಗೆ ತರಿಸಿ ಕೊಟ್ಟ.

“ನಾ ಎಲ್ಲಾ ಕೇಳೀನವ್ವ. ಯಾವತ್ತು ತೆಗೀತೀರಿ, ಯಾವತ್ತು ತೆಗೀತೀರಿ. ಆದ್ರ ಖಾಲಿ ಬುರುಡಿ ಒಂದೂ ಬಂದಿಲ್ಲ. ನೀನ ಹೇಳು, ಉತ್ರ ಬೇಕಿದ್ದವರು ಒಂಟಿ ಕಳಿಸ್ತಾರೇನು? ಅವರಿಗೆ ಕೂಗೋದು ಬೇಕು, ಕೇಳೋದು ಬ್ಯಾಡ. ಆ ಬೀದಿ ಮಂದಿ ಗುಣಾನ ಅಂಥಾದ್ದು.”

“ನೀವು ನಿಮ್ಮ ಬುರುಡ್ಯಾಗರ ಹೇಳಿ ಕಳಿಸಬಹುದಿತ್ತಲ್ರಿ?”

“ಕಳಿಸಿದ್ನಲ್ಲ ಹ್ವಾದ ವರ್ಷ! ನನ್ನ ಸ್ವಂತ ಬುರುಡಿ! ‘ಮಂಗಳವಾರ’ ಅಂತ ಗಟ್ಟಿಯಾಗಿ ಹೇಳಿ ಕಳಿಸಿದ್ನಿ. ಯಾರು ತಲಿಗೆ ಹಾಕ್ಕೊಂಡ್ರು?”

ಅದನ್ನು ಕೇಳಿ ನಾನು ಮಜ್ಜಿಗೆ ನೆತ್ತಿಗೇರಿಸಿಕೊಂಡೆ. ಆ ಮಂಗಳವಾರದ ಕತೆ ಹೊಳೆಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹೇಳಿದ್ದು ಯಾರು ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಯಾರ ಮನೆಯ ಗುರುತೂ ಇಲ್ಲದ ಬುರುಡೆಯೊಂದು ಬೀದಿಯ ನಡುವಿನ ಬೇವಿನ ಕಟ್ಟೆಗೆ ಬಂತು. ಬಿರಡೆ ತೆಗೆದರೆ ಗಂಡು ದನಿಯೊಂದು ‘ಮಂಗಳವಾರ’ ಎಂದು ಸುಮ್ಮನಾಯಿತು. ಬೀದಿಯಲ್ಲಿ ಆ ವಾರ ಅರವತ್ತು ಮನೆಯವರು ಅರವತ್ತು ಪ್ರಶ್ನೆ ಕೇಳಿ ಕಳಿಸಿದ್ದರು. ಯಾವುದಕ್ಕೆ ಇದು ಉತ್ತರ? ನೂಲು ಯಾವಾಗ ಬರುತ್ತದೆ ಎಂದು ಕೇಳಿದ್ದವನು ನೂಲಿಗೆ ಎಂದ. ಎಮ್ಮೆ ಯಾವಾಗ ಕರು ಹಾಕೀತು ಎಂದು ಪಶುವೈದ್ಯನಿಗೆ ಕೇಳಿದ್ದವಳು ಎಮ್ಮೆಗೆ ಎಂದಳು. ಮಗಳ ಮದುವೆಗೆ ಒಳ್ಳೆಯ ದಿನ ಕೇಳಿದ್ದ ದುರುಗಪ್ಪನ ಗಂಟಲು ಎಲ್ಲರಿಗಿಂತ ದೊಡ್ಡದು, ಅವನು ಗೆದ್ದ. ಮಂಗಳವಾರ ಇಡೀ ಬೀದಿ ಗುಡ್ಡದ ಮೇಲಿನ ಗುಡಿಯಲ್ಲಿ ದುರುಗಪ್ಪನ ಮಗಳ ಮದುವೆ ಉಣ್ಣುತ್ತಿದ್ದಾಗ ಕೆಳಗೆ ನೀರು ಬಂತು. ಹನ್ನೊಂದು ಮನೆ ಬಿದ್ದರೂ ಒಂದು ಜೀವವೂ ಹೋಗದಿದ್ದುದು ಹಾಗೆ, ಎಮ್ಮೆಯೊಂದನ್ನು ಬಿಟ್ಟು. ಅದನ್ನು ಮದುವೆಗೆ ಕರೆದಿರಲಿಲ್ಲ.

ಇದನ್ನೆಲ್ಲ ಮರಿಸಿದ್ದಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದೆ. ಬಿಕ್ಕಳಿಕೆ ಹಿಡಿದು ಅವನ ಹಲಗೆಯ ಮೂರು ಬುರುಡೆ ಉರುಳಿ ಬಿದ್ದವು. ಅಷ್ಟಕ್ಕೇ ನಮಸ್ಕಾರ ಹೇಳಿ ಎದ್ದೆ.

ಇಳಿಜಾರಿನಲ್ಲಿ ಬಿಕ್ಕುತ್ತಾ ಇಳಿಯುವಾಗ ಲೆಕ್ಕಾಚಾರ ನಡೆಸಿದೆ. ಹೊನ್ನೂರವ್ವ ಜೋಡಿ ಕಟ್ಟುತ್ತಾಳೆ, ಸುಳ್ಳಲ್ಲ. ಮರಿಸಿದ್ದಪ್ಪನಿಗೆ ಒಂಟಿ ಮುಟ್ಟುತ್ತದೆ, ಅದೂ ಸುಳ್ಳಲ್ಲ, ಕಣ್ಣಾರೆ ಕಂಡೆ. ಹೊಳೆಬೀದಿಗೆ ಖಾಲಿ ಬುರುಡೆ ತಿರುಗಿ ಬರುತ್ತದೆ, ಆದರೆ ಅದು ಮೇಲುಬೀದಿಯನ್ನು ನೋಡಿಯೇ ಇಲ್ಲ. ಹಾಗಾದರೆ ನಡುದಾರಿಯಲ್ಲಿ ಎಲ್ಲೋ ಜೋಡಿ ಮುರಿಯುತ್ತಿದೆ. ಹೊಳೆಬೀದಿಯಿಂದ ಬುಟ್ಟಿ ಹೊತ್ತು ತರುವವಳು ಯಂಕಮ್ಮ. ಬುಟ್ಟಿಯನ್ನು ತಲೆಯಿಂದ ಇಳಿಸದೆ ಜಗಳವಾಡುವವಳು. ಮೇಲುಬೀದಿಗೆ ಒಯ್ಯುವವಳು ಅವಳ ತಂಗಿ. ಇಬ್ಬರಲ್ಲಿ ಒಬ್ಬಳ ಮೇಲೆ ನನಗೆ ಅನುಮಾನ ಬಂತು. ಅನುಮಾನ ಯಾವಾಗಲೂ ನಮಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರ ಮೇಲೆಯೇ ಮೊದಲು ಹೋಗುತ್ತದೆ, ನೋಡಿ.

ಸಂಜೆ ಹೊಳೆಬೀದಿಗೆ ಇಳಿದೆ. ಹೊನ್ನೂರವ್ವ ಗೋಡೆಗೆ ಗಾಳಿ ಬೀಸುತ್ತಿದ್ದಳು. ನಿಜವಾಗಿಯೂ, ಮೊರ ಹಿಡಿದು ಬೀಸುತ್ತಿದ್ದಳು.

“ಬಿಸಿಲು ಹೊಂಟ್ಹೋತಲ್ಲ, ಏನ್ ಮಾಡ್ಲಿ,” ಎಂದು ಈಗ ನಕ್ಕಳು.

ನನ್ನ ಕಾಲಿನ ಗೆಜ್ಜೆಯಲ್ಲಿ ಒಂದನ್ನು ಬಿಚ್ಚಿ ಅವಳ ಖಾಲಿ ಬುರುಡೆಯ ಕುತ್ತಿಗೆಗೆ ಕಟ್ಟಿದೆ. “ನಾಳೆ ಇದನ್ನ ಜೋಡಿ ಕಟ್ಟಿ ಕಳಿಸು. ಗೆಜ್ಜಿ ಸಪ್ಪಳ ಎಲ್ಲಿ ನಿಲ್ತೈತೋ ಅಲ್ಲಿ ಕಳ್ಳ ಅದಾನ. ನಾ ಕಿವಿ ಕೊಟ್ಟು ಕುಂತಿರ್ತೀನಿ.”

ಬುಧವಾರ ಬೆಳಿಗ್ಗೆ ಹೊಳೆಬೀದಿಯ ಏರಿನಲ್ಲಿ ಗೆಜ್ಜೆ ಕೇಳಿತು. ಯಂಕಮ್ಮನ ನಡಿಗೆಗೆ ತಕ್ಕ ಹಾಗೆ ಝಲ್, ಝಲ್. ಬುಟ್ಟಿ ಕಟ್ಟೆಯ ಮೇಲೆ ಕೂತಾಗಲೂ ಝಲ್ ಎಂದಿತು. ಯಂಕಮ್ಮ ನಿರ್ದೋಷಿ. ಇನ್ನು ಅವಳ ತಂಗಿ ಎಂದುಕೊಂಡೆ. ಬುಟ್ಟಿಯನ್ನು ಎಂದಿನಂತೆ ಹೊಳೆಬೀದಿಯ ಗೂಡಿಗೆ ಸುರಿದು ವಿಂಗಡಿಸಲು ಕೂತೆ. ಬೂದೆಪ್ಪ ನಿನ್ನೆಯ ಚಟ್ನಿಯ ಬಗ್ಗೆ ಮಾತು ತೆಗೆದ. ಹುಣಸೆ ಹೆಚ್ಚಾಗಿತ್ತು ಎಂದ. ಹುಣಸೆಯಲ್ಲ, ನಿನ್ನ ಹಲ್ಲು ಎಂದೆ. ಹಲ್ಲಿನ ವಿಷಯ ಅವನಿಗೆ ನಾಟಿತು, ಚರ್ಚೆ ಬೆಳೆಯಿತು. ಅಷ್ಟರಲ್ಲಿ ತಂಗಿ ಬಂದು ಮೇಲುಬೀದಿಯ ಬುಟ್ಟಿಯನ್ನು ತಲೆಗೆತ್ತಿಕೊಂಡು ಹೊರಟಳು. ಹತ್ತು ಹೆಜ್ಜೆ ಹೋದಳು. ಇಪ್ಪತ್ತು ಹೆಜ್ಜೆ ಹೋದಳು. ಸಪ್ಪಳವೇ ಇಲ್ಲ.

ಕೆಳಗೆ ನೋಡಿದೆ. ಗೆಜ್ಜೆ ಕಟ್ಟಿದ ಬುರುಡೆ ನನ್ನ ಕಾಲ ಬುಡದಲ್ಲಿ, ಉಳಿದ ಖಾಲಿ ಬುರುಡೆಗಳ ಗುಡ್ಡೆಯಲ್ಲಿ ಬಿದ್ದಿತ್ತು. ಕತ್ತರಿ ನನ್ನ ಕೈಯಲ್ಲಿತ್ತು.

ದಾರಗಳು ಸಿಕ್ಕಾಗದಂತೆ ತುದಿ ಕತ್ತರಿಸುವುದು ನಮ್ಮ ಕೆಲಸ. ಕತ್ತರಿ ದಿನವಿಡೀ ಬೆರಳಲ್ಲೇ ಇರುತ್ತದೆ. ಆದರೆ ಹೊಳೆಬೀದಿಯ ಗೂಡಿನ ಮೇಲೆ ಒಂದು ಸುಣ್ಣದ ಗೆರೆಯಿದೆ, ಬೇರೆ ಆರು ಗೂಡುಗಳ ಮೇಲೆ ಇಲ್ಲದ್ದು. ಏಳು ವರ್ಷದವಳಿದ್ದಾಗ ನನ್ನ ಸೋದರತ್ತೆ ಈ ಕಟ್ಟೆಯ ಮೇಲೆ ಕೂರಿಸಿ ಕಲಿಸಿದ ಮೊದಲ ಪಾಠ: ಬಿಳಿ ಗೆರೆ ಕಂಡರೆ ನಡುವಿನ ದಾರ ಕತ್ತರಿಸು, ಖಾಲಿಯದನ್ನು ಕೆಳಗೆ ಹಾಕು, ಸಂಜೆ ಗುಡ್ಡೆಯನ್ನು ಬುಟ್ಟಿಗೆ ತುಂಬಿ ಬಂದ ಕಡೆಗೇ ಕಳಿಸು. ಅಲ್ಲಿಂದ ಇಲ್ಲಿಯವರೆಗೆ ಕಣ್ಣು ಮಿಟುಕಿಸಿದ ಹಾಗೆ ಅದನ್ನು ಮಾಡಿದ್ದೇನೆ. ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಗೊತ್ತಾಗದ ಹಾಗೆ ಮಾಡುವುದನ್ನು ನನ್ನ ಕೈ ಕಲಿತಿತ್ತು. ಹೊನ್ನೂರವ್ವನ ಪ್ರಶ್ನೆಯನ್ನೂ, ಅವಳ ಅವ್ವನ ಪ್ರಶ್ನೆಯನ್ನೂ ಯಾವ ಬೀದಿಯ ಯಜಮಾನನೂ ಮುರಿದಿರಲಿಲ್ಲ. ನಾನು ಮುರಿದಿದ್ದೆ, ಚಟ್ನಿಯ ಬಗ್ಗೆ ಮಾತಾಡುತ್ತಾ.

“ಬೂದೆಪ್ಪ, ಈ ಗೆರಿ ಯಾತಕ್ಕ?”

“ನಿಯಮ.”

“ನಿಯಮ ಗೊತ್ತಾತು. ಯಾತಕ್ಕ?”

ಅವನು ಕಣ್ಣು ಮುಚ್ಚಿ ನೆನಪಿಸಿಕೊಂಡ. ನಿಯಮಗಳನ್ನು ಅವನು ಹಾಗೆಯೇ ಒಳಗಿನಿಂದ ಎಳೆದು ತರುವುದು. ಮೂವತ್ತೊಂದು ವರ್ಷದ ಹಿಂದೆ ಹೊಳೆಬೀದಿಯಲ್ಲಿ ಜ್ವರ ಬಂದಿತ್ತಂತೆ. ಅವರ ಬಾಯಿ ತಾಗಿದ ಬುರುಡೆಗೆ ನಮ್ಮ ಬಾಯಿ ತಾಗಬಾರದೆಂದು ಮೇಲುಬೀದಿಯವರು ಹೇಳಿದರಂತೆ. ಆದ್ದರಿಂದ ಆ ಬೀದಿಯ ಖಾಲಿ ಬುರುಡೆ ಯಾವ ಬೀದಿಗೂ ಹೋಗಬಾರದು, ಗೆರೆ ಎಳೆದಿರಬೇಕು. “ನಲವತ್ತು ದಿನ,” ಎಂದು ಬೂದೆಪ್ಪ ಮುಗಿಸಿದ.

“ಎಷ್ಟು?”

“ನಲವತ್ತು...” ಎಂದವನು ಕಣ್ಣು ತೆರೆದ. ಬಾಯಿಯೂ ತೆರೆದೇ ಇತ್ತು. ಪ್ರತಿ ಯುಗಾದಿಗೆ ಗೂಡಿಗೆಲ್ಲ ಸುಣ್ಣ ಬಳಿದಾಗ ಗೆರೆಯೂ ಮುಚ್ಚಿ ಹೋಗುತ್ತಿತ್ತು. ಅದು ಒಣಗಿದ ಮೇಲೆ ದಪ್ಪ ಕುಂಚ ತೆಗೆದುಕೊಂಡು, ಇನ್ನಷ್ಟು ಬೆಳ್ಳಗಿನ ಸುಣ್ಣದಲ್ಲಿ, ನಾಲಿಗೆ ಕಚ್ಚಿ ಹಿಡಿದು, ಸೊಟ್ಟ ಬಾರದ ಹಾಗೆ ಅವನೇ ಅದನ್ನು ಮತ್ತೆ ಎಳೆಯುತ್ತಿದ್ದ. ಮೂವತ್ತೊಂದು ಸಲ. ಅವನ ಗೆರೆ ಎಷ್ಟು ನೇರವಾಗಿರುತ್ತದೆಂದು ಊರೇ ಹೊಗಳುತ್ತಿತ್ತು.

ನಾನು ಗೆಜ್ಜೆಯ ಬುರುಡೆಯನ್ನೆತ್ತಿಕೊಂಡು ಓಡಿ ತಂಗಿಯನ್ನು ಏರಿನ ನಡುವೆ ಹಿಡಿದೆ, ದಾರ ಮತ್ತೆ ಗಂಟು ಹಾಕಿದೆ. ಮೇಲುಬೀದಿಯೊಳಕ್ಕೆ ಗೆಜ್ಜೆಯ ಸಪ್ಪಳ ಹೋಗುವುದನ್ನು ನಿಂತು ಕೇಳಿದೆ. ಹಿಂತಿರುಗಿ ಬಂದಾಗ ಬೂದೆಪ್ಪ ಒದ್ದೆ ಬಟ್ಟೆ ಹಿಡಿದು ಗೆರೆ ಒರೆಸುತ್ತಿದ್ದ.

ಮಧ್ಯಾಹ್ನಕ್ಕೆ ಉತ್ತರ ಬಂತು. ಹೊನ್ನೂರವ್ವ ಅದನ್ನು ಮೆಟ್ಟಿಲ ಮೇಲೆಯೇ ತೆರೆದಳು, ಮನೆಗೆ ಹೋಗುವ ತನಕ ತಡೆಯಲಾಗಲಿಲ್ಲ. ‘ಜೋಡಿ ಕಳಿಸಿದ್ದಕ್ಕೆ ಹೇಳುತ್ತಿದ್ದೇನೆ. ಶುಕ್ರವಾರ ತೆಗೆಯುತ್ತೇವೆ,’ ಎಂದಿತು ಮರಿಸಿದ್ದಪ್ಪನ ದನಿ. ಅವಳು ಬುರುಡೆಯನ್ನು ತಲೆಯ ಮೇಲಿಟ್ಟುಕೊಂಡು ಒಂದು ಸುತ್ತು ಕುಣಿದಳು. ಆಮೇಲೆ ನಿಂತಳು.

“ಶುಕ್ರವಾರ ಅಂದ್ರ ಗ್ವಾಡಿ ಹೋತಬೇ.”

“ಉತ್ರ ಬಂತಲ್ಲ, ಇನ್ನೊಂದು ಕೇಳು.”

“ಇನ್ನೊಂದು ಕೇಳಬಹುದೇನು?” ಎಂದಳು. ಒಂದರ ಮೇಲೆ ಇನ್ನೊಂದು ಕೇಳಬಹುದು ಎಂಬುದು ಆ ಬೀದಿಗೆ ಮರೆತೇ ಹೋಗಿತ್ತು. ‘ಮೂರು ದಿನ ತಡೆಯಲಾಗುತ್ತದೆಯೇ? ಗೋಡೆ ಹಸಿ ಇದೆ’ ಎಂದು ತುಂಬಿ ಕಳಿಸುತ್ತೇನೆ ಎಂದು ನನಗೆ ಹೇಳಿಯೇ ಹೋದಳು.

ಆದರೆ ಸುದ್ದಿ ಅವಳಿಗಿಂತ ಮೊದಲು ಬೀದಿ ಸೇರಿತ್ತು. ಹೊಳೆಬೀದಿಗೆ ಉತ್ತರ ಬಂದಿದೆ! ಗುರುವಾರ ಬೆಳಿಗ್ಗೆ ಯಂಕಮ್ಮ ಒಂದು ಬುಟ್ಟಿಯ ಬದಲು ನಾಲ್ಕು ಬುಟ್ಟಿ ಹೊತ್ತಳು, ಪ್ರತಿ ಸಲವೂ ನನ್ನನ್ನು ಬೈದಳು. ಎಲ್ಲ ಜೋಡಿ. ಬುರುಡೆ ಸಾಲದೆ ಕೆಲವರು ಅಟ್ಟದ ಮೇಲಿನ ಅಜ್ಜಿಯ ಕಾಲದವನ್ನು ಇಳಿಸಿದ್ದರು. ಒಳಗೇನಿತ್ತೆಂದು ನಾನು ಕೇಳದಿದ್ದರೂ ಕಳಿಸಿದವರು ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತು ತಾವೇ ಹೇಳಿದರು. ಹದಿನಾರು ವರ್ಷದ ಹಿಂದೆ ತಪ್ಪಿಸಿಕೊಂಡ ಆಡಿನ ಬಗ್ಗೆ ಒಬ್ಬಳು ಕೇಳಿದ್ದಳು. ನೀವು ಉಟ್ಟ ಸೀರೆಯ ನೀಲಿ ನನ್ನದು, ಚೆನ್ನಾಗಿದೆಯಾ ಎಂದು ಒಬ್ಬ ಮುದುಕ ಕೇಳಿದ್ದ. ನಿಮ್ಮನ್ನು ನೋಡಿದರೆ ನಾವು ಮೂಗು ಮುಚ್ಚಿಕೊಳ್ಳುವುದಿಲ್ಲ, ನೀವೇಕೆ ಮುಚ್ಚಿಕೊಳ್ಳುತ್ತೀರಿ ಎಂದು ಕೇಳಿದವರು ಏಳು ಮಂದಿ. ಇನ್ನು ದುರುಗಪ್ಪ, ಆ ದೊಡ್ಡ ಗಂಟಲಿನವನು, ಕೆರೆಗೆ ಎರಡು ತೂಬಿವೆ, ನಿಮ್ಮ ತೋಟದ ಕಡೆಯದನ್ನು ಒಂದು ವರ್ಷವಾದರೂ ಯಾಕೆ ತೆಗೆಯಬಾರದು ಎಂದು ಕೇಳಿದ್ದ.

ಮೇಲುಬೀದಿಯಲ್ಲಿ ಅಂದು ಒಲೆ ಹಚ್ಚಲು ಪುರುಸೊತ್ತಾಗಲಿಲ್ಲವಂತೆ. ಉತ್ತರ ಕೊಡದೆ ಎಣ್ಣೆ ಇಲ್ಲ, ನೂಲಿಲ್ಲ, ಹಾಲಿಲ್ಲ. ಮನೆ ಮನೆಯಲ್ಲೂ ಬುರುಡೆಗೆ ಬಾಯಿಟ್ಟು ಕೂತವರೇ. ಆಡಿನ ಪ್ರಶ್ನೆಗೆ ಒಬ್ಬ ಮುದುಕಿ ಹೌದು, ಬಂದಿತ್ತು, ಹಬ್ಬಕ್ಕೆ ಆಯಿತು, ತಪ್ಪಾಯಿತು ಎಂದು ಉತ್ತರ ಕೊಟ್ಟಳಂತೆ. ಕೇಳಿದವಳು ಮೆಟ್ಟಿಲ ಮೇಲೆ ಕೂತು ಅತ್ತಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗುರುವಾರ ಮಧ್ಯಾಹ್ನ ಬೂದೆಪ್ಪ ಅವಲಕ್ಕಿ ಕಲಸುವ ಹೊತ್ತಿಗೆ ಮರಿಸಿದ್ದಪ್ಪ ಮೇಲುಬೀದಿಯ ಮೆಟ್ಟಿಲಿಗೆ ಇಳಿದು ಬಂದ. ಹಿಂದೆ ನಾಲ್ವರು ಹಿರಿಯರು. ಅವನ ಗಂಟಲು ಕಟ್ಟಿ ದನಿ ಹುಂಜದಂತಾಗಿತ್ತು.

“ನಲವತ್ತೊಂದು ಜೋಡಿಗೆ ಉತ್ರ ಹೇಳೀನಿ ಬೆಳಿಗ್ಗಿಂದ. ನಲವತ್ತೊಂದು! ದುರುಗಪ್ಪ ಅನ್ನಾಂವಗ ಮೂರು ಸಲ! ಕೇಳಾಕ ಒಂದು ಮಿತಿ ಬ್ಯಾಡೇನು? ಯಾರು ಅಳಿಸಿದ್ರು ಗೆರಿ?”

“ನಾ ಅಳಿಸೀನ್ರಿ,” ಎಂದ ಬೂದೆಪ್ಪ, ಅವಲಕ್ಕಿಯಿಂದ ತಲೆಯೆತ್ತದೆ.

“ಎಳಿ ಮತ್ತ. ಇವತ್ತ ಎಳಿ. ಸಂಕವ್ವ, ನೀನು ಮೊದಲಿನಂಗ ಕತ್ತರಿಸು. ಏನು ದೊಡ್ಡ ಮಾತು? ಮೂವತ್ತು ವರ್ಷ ಕತ್ತರಿಸಿದ ಕೈಗೆ ಇವತ್ತೇನು ಬ್ಯಾನಿ ಬಂತು? ಊರು ನಡೀತಿತ್ತಿಲ್ಲೋ? ಜಗಳ ಇತ್ತೇನು?”

ಊರು ನಡೆಯುತ್ತಿತ್ತು, ನಿಜ. ಹನ್ನೊಂದು ಮನೆಗಳ ಮೇಲೆ ನಡೆದಿತ್ತು. ಒಬ್ಬರೇ ಮಾತಾಡುವ ಕಡೆ ಜಗಳವೆಲ್ಲಿಂದ ಬಂದೀತು?

ಅವನು ಕಂಕುಳಿನಿಂದ ಒಂದು ಬುರುಡೆ ತೆಗೆದು ನನ್ನ ಮುಂದಿಟ್ಟ. ಒಂಟಿ. ಹಳದಿ ದಾರ, ಕೆರೆಬೀದಿಯದು. ಗಂಟು ತೂಬು ತೆಗೆಯುವ ಆಳಿನ ಮನೆಯದು. “ಇದನ್ನ ಈಗ ಕಳಿಸು. ಶುಕ್ರವಾರ ಅಂತ ಹೇಳಿದ್ದಕ್ಕ ಇಷ್ಟು ಪುರಾಣ ಆತು. ಇವತ್ತ ತೆಗೆದ್ರ ಯಾರೂ ಏನೂ ಕೇಳಂಗಿಲ್ಲ.”

ಹೊಳೆಬೀದಿಯ ಮೆಟ್ಟಿಲ ಮೇಲೆ ಹೊನ್ನೂರವ್ವ ನಿಂತಿದ್ದಳು. ಅವನ ತುಟಿ ಆಡುವುದು ಮಾತ್ರ ಅವಳಿಗೆ ಕಾಣುತ್ತಿತ್ತು. ನನ್ನ ಮುಖ ನೋಡುತ್ತಿದ್ದಳು. ಹೇಳೋಣವೆಂದರೆ ಬಿಕ್ಕಳಿಕೆ ಗಂಟಲಲ್ಲಿ ಆಗಲೇ ಕೂತಿತ್ತು. ಅವಳ ಎರಡನೆಯ ಜೋಡಿ, ಮೂರು ದಿನ ತಡೆಯಲಾಗುತ್ತದೆಯೇ ಎಂದು ಕೇಳಿದ್ದು, ನಾಲ್ಕನೆಯ ಬುಟ್ಟಿಯ ತಳದಲ್ಲಿ ಸಿಕ್ಕಿ ಈಗ ತಾನೇ ನನ್ನ ಕೈಗೆ ಬಂದಿತ್ತು. ಖಾಲಿ ಬುರುಡೆಯ ಕುತ್ತಿಗೆಯಲ್ಲಿ ನನ್ನ ಗೆಜ್ಜೆ ಹಾಗೆಯೇ ಇತ್ತು.

“ಅದರಿಂದಾನ ಶುರು ಮಾಡು,” ಎಂದ ಮರಿಸಿದ್ದಪ್ಪ. “ಕತ್ತರಿಸು.”

ನಾನು ಜೋಡಿಯನ್ನೆತ್ತಿದೆ. ನಡುವಿನ ದಾರ ಗೇಣುದ್ದ ತೂಗುತ್ತಿತ್ತು. ಬೆರಳಿನ ಕತ್ತರಿ ಬಿಚ್ಚಿ ಮಣೆಯ ಮೇಲಿಟ್ಟು ಬಾಗಿ ಜೋಡಿಯನ್ನು ಅವನ ಎರಡೂ ಕೈಗಳಿಗೆ ಒಪ್ಪಿಸಿದೆ. ಮುಂದಕ್ಕೆ ಚಾಚಿದ್ದನ್ನು ಹಿಡಿಯುವುದು ಕೈಗಳ ಅಭ್ಯಾಸ. ಅವನ ಕೈಗಳೂ ಹಿಡಿದವು. ಝಲ್ ಎಂದಿತು.

“ಮುಟ್ಟಿತು,” ಎಂದೆ. “ನಿಮ್ಮ ಮನಿ ಗಂಟು, ನಿಮ್ಮ ಕೈ. ಇನ್ನ ಇದಕ್ಕ ಉತ್ರ ಹೇಳೋ ತನಕ ನಿಮ್ಮ ಬುರುಡಿ ಈ ಕಟ್ಟಿ ಹತ್ತಂಗಿಲ್ರಿ.” ಹಳದಿ ದಾರದ ಬುರುಡೆಯನ್ನು ಎತ್ತಿ ಅವನ ಮೆಟ್ಟಿಲ ಮೇಲೆ ಇಟ್ಟೆ. “ನಾ ಕತ್ತರಸಂಗಿಲ್ಲ.”

ಮರಿಸಿದ್ದಪ್ಪ ಕೆಂಪಾದ. ಜೋಡಿಯನ್ನು ಕೆಳಗಿಡಲೂ ಆಗದೆ ಹಿಡಿಯಲೂ ಆಗದೆ, ಪ್ರತಿ ಚಡಪಡಿಕೆಗೂ ಗೆಜ್ಜೆ ಝಲ್ಲೆನ್ನುತ್ತಾ, ಬೂದೆಪ್ಪನ ಕಡೆ ತಿರುಗಿದ. “ನೋಡಪಾ, ನೀನು ನಿಯಮ ಬಲ್ಲಾಂವ. ಇಕೀಗೆ ಸೊಕ್ಕು. ನೀ ತಗೊ ಕತ್ತರಿ. ಗೆರಿ ಎಳಿ, ಆಮ್ಯಾಲ ಇದನ್ನ ಕತ್ತರಿಸು, ಮೊದಲಿನ ನಿಯಮದಂಗ.”

ಬೂದೆಪ್ಪ ಅವಲಕ್ಕಿಯ ತಟ್ಟೆ ಕೆಳಗಿಟ್ಟ. ಅವನು ಊಟವನ್ನು ನಡುವೆ ನಿಲ್ಲಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೈ ತೊಳೆಯಲೂ ಇಲ್ಲ. ಎದ್ದು ಬಂದು ಮಣೆಯ ಮೇಲಿನ ಕತ್ತರಿ ತೆಗೆದುಕೊಂಡು, ಎರಡೂ ಅಲಗುಗಳನ್ನು ಕೂಡಿಸಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೇಲೆ ಧೋತರ ಎಳೆದ.

“ನಿಯಮ ನಲವತ್ತು ದಿನದ್ದ್ರಿ,” ಎಂದ. “ನಾ ಎಣಿಸೀನಿ, ಆಗ್ಯಾವ. ಗೆರಿ ಎಳ್ಯಂಗಿಲ್ಲ.”